ಸಣ್ಣ ಯಂತ್ರದಲ್ಲಿ ದೊಡ್ಡ ಕ್ವಿಲ್ಟ್: ಚೌಕಗಳನ್ನು ಪಟ್ಟಿ ಕೊಟ್ಟು ಜೋಡಿಸಬೇಕೇ, ನೇರವಾಗಿ ಹೊಲಿಯಬೇಕೇ?

ಮನೆಯ ಸಣ್ಣ ಹೊಲಿಗೆ ಯಂತ್ರ, ಇಬ್ಬರು ಹೊದೆಯುವಷ್ಟು ದೊಡ್ಡ ಕ್ವಿಲ್ಟ್ (ಎರಡು ಬಟ್ಟೆಗಳ ನಡುವೆ ಹತ್ತಿಯ ಪದರವಿಟ್ಟು ಹೊಲಿದ ಹೊದಿಕೆ) ಮಾಡುವ ಆಸೆ, ಮೂರೂ ಪದರಗಳನ್ನು ಮೊದಲೇ ಅಳತೆಗೆ ಸರಿಯಾಗಿ ಕತ್ತರಿಸಿಟ್ಟುಕೊಂಡು ಒಂದೊಂದೇ ಚೌಕವನ್ನು ಹೊಲಿದು ಮುಗಿಸಿದರೆ ಸಮಯ ಉಳಿಯುತ್ತದೆ ಎಂಬ ಲೆಕ್ಕಾಚಾರ, ಜೋಡಣೆ ಹೇಗೆ ಎಂಬ ಒಂದೇ ಅನುಮಾನ. ನಿಮ್ಮ ಈ ಪ್ರಶ್ನೆಯಲ್ಲಿ ನನ್ನ ಮೊದಲ ದೊಡ್ಡ ಕ್ವಿಲ್ಟ್‌ನ ಕಥೆಯೆಲ್ಲ ಇದೆ. ನಾನೂ ಜೋಡಣೆಯ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಕೆಲಸ ಕೆಟ್ಟದ್ದು ಮಾತ್ರ ಅದಕ್ಕೂ ಬಹಳ ಮೊದಲು, ಕತ್ತರಿ ಹಿಡಿದ ಹೊತ್ತಿನಲ್ಲಿಯೇ.

ನಾನು ಮೇಲ್ಬಟ್ಟೆ, ನಡುವಿನ ಹತ್ತಿಯ ಪದರ, ಹಿಂಬದಿಯ ಬಟ್ಟೆ ಮೂರನ್ನೂ 15½ ಇಂಚಿನ ಚೌಕಗಳಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಜೋಡಿಸಿಟ್ಟುಕೊಂಡೆ. ಮೂರೂ ಪದರಗಳನ್ನು ಒಂದಾಗಿ ಹಿಡಿದಿಡುವ ಕ್ವಿಲ್ಟಿಂಗ್ ಹೊಲಿಗೆಗೆ ಕುಳಿತಾಗ ಎಲ್ಲ ಚೌಕಗಳಿಗೂ ಒಂದೇ ವಿನ್ಯಾಸವೆಂದರೆ ಬೇಸರವೆನಿಸಿ, ಕೆಲವಕ್ಕೆ ಮೂರು ಇಂಚು ಅಂತರದ ನೇರ ಗೆರೆಗಳನ್ನೂ, ಕೆಲವಕ್ಕೆ ಅರ್ಧ ಇಂಚಿಗೊಂದರಂತೆ ಒತ್ತಾದ ಗೆರೆಗಳನ್ನೂ, ಇನ್ನು ಕೆಲವಕ್ಕೆ ಸುರುಳಿಗಳನ್ನೂ ಹಾಕಿದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಚೆನ್ನಾಗಿಯೇ ಇತ್ತು. ಸಾಲಾಗಿ ಹಾಸಿದಾಗಲೇ ಬಣ್ಣ ಬಯಲಾದದ್ದು: ವಿರಳ ಹೊಲಿಗೆಯ ಚೌಕಗಳು ಹೆಚ್ಚುಕಡಿಮೆ ಮೊದಲಿನ ಅಳತೆಯಲ್ಲಿಯೇ ಇದ್ದವು, ಒತ್ತು ಹೊಲಿಗೆಯವು ಅರ್ಧ ಇಂಚಿನಷ್ಟು ಕುಗ್ಗಿದ್ದವು.

ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಹೊಲಿಗೆಯ ಗೆರೆ ಬಿದ್ದಲ್ಲಿ ಮೇಲಿನ ಮತ್ತು ಕೆಳಗಿನ ಬಟ್ಟೆಗಳು ಒಳಗೆ ತಗ್ಗುತ್ತವೆ, ಎರಡು ಗೆರೆಗಳ ನಡುವೆ ಹತ್ತಿ ಉಬ್ಬಿ ನಿಲ್ಲುತ್ತದೆ. ಹೀಗೆ ಏರಿಳಿಯಲು ಬೇಕಾದ ಬಟ್ಟೆ ಚೌಕದ ಅಗಲದಿಂದಲೇ ಬರಬೇಕು. ಗೆರೆಗಳು ಹೆಚ್ಚಿದಷ್ಟೂ ಕುಗ್ಗುವಿಕೆ ಹೆಚ್ಚು, ಹತ್ತಿಯ ಪದರ ದಪ್ಪವಿದ್ದಷ್ಟೂ ಮತ್ತಷ್ಟು ಹೆಚ್ಚು. ಅದರ ಮೇಲೆ ದಾರದ ಬಿಗಿತವೂ ಸೇರುತ್ತದೆ. ಸಾಮಾನ್ಯ ಫುಟ್ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಹಾಕಿ ಹೊಲಿದರೆ ಕೆಳಗಿನ ಬಟ್ಟೆಯನ್ನು ಯಂತ್ರದ ಹಲ್ಲುಗಳು ಮುಂದಕ್ಕೆ ಎಳೆಯುವಾಗ ಮೇಲಿನದು ಹಿಂದೆ ಉಳಿದು ಜರುಗುತ್ತದೆ. ಗೆರೆಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಉದ್ದ ಮತ್ತು ಅಗಲ ಒಂದೇ ಸಮನೆ ಕುಗ್ಗದೆ, ಚೌಕವು ಚೌಕವಾಗಿಯೇ ಉಳಿಯುವುದಿಲ್ಲ.

ಒಂದು ಚೌಕದಲ್ಲಿ ಕಾಲಂಗುಲದ ವ್ಯತ್ಯಾಸವೆಂದರೆ ಯಾರಿಗೂ ಅಳುಕಾಗುವುದಿಲ್ಲ. ಆರು ಚೌಕಗಳ ಸಾಲಿನಲ್ಲಿ ಅದೇ ಒಂದೂವರೆ ಇಂಚಾಗುತ್ತದೆ. ನಾನು ಗಿಡ್ಡ ಸಾಲನ್ನು ಎಳೆದು, ಉದ್ದ ಸಾಲನ್ನು ಒತ್ತಿ, ಬೆರಳಗಲಕ್ಕೊಂದು ಪಿನ್ನು ಚುಚ್ಚಿ ಹೇಗೋ ಹೊಂದಿಸಿ ಹೊಲಿದೆ. ನೆಲದ ಮೇಲೆ ಹರಡಿದಾಗ ಒಂದು ಸಾಲು ಬುಟ್ಟಿಯ ತಳದಂತೆ ತಗ್ಗಿ, ಪಕ್ಕದ್ದು ಅಲೆಯಲೆಯಾಗಿ ಎದ್ದು ನಿಂತಿತು, ಇಸ್ತ್ರಿಗೂ ಬಗ್ಗಲಿಲ್ಲ. ಬಿಚ್ಚಿ, ಎಲ್ಲವನ್ನೂ ಅತಿ ಚಿಕ್ಕ ಚೌಕದ ಅಳತೆಗೆ ಕತ್ತರಿಸೋಣವೆಂದರೆ ಮೇಲ್ಬಟ್ಟೆಯಲ್ಲಿ ಅಂಚಿನವರೆಗೂ ಬಂದಿದ್ದ ನಕ್ಷತ್ರ ವಿನ್ಯಾಸದ ತುದಿಗಳು ಹೊಲಿಗೆಯೊಳಗೆ ಮುಚ್ಚಿಹೋಗುತ್ತಿದ್ದವು. ಬಿಚ್ಚುವಾಗ ದಾರದ ಜೊತೆಗೆ ಹತ್ತಿಯ ಎಳೆಗಳೂ ಕಿತ್ತುಬಂದು ಅಂಚುಗಳು ಸೊರಗಿದವು. ಕೊನೆಗೆ ಒಪ್ಪವಾಗಿದ್ದ ಕೆಲವೇ ಚೌಕಗಳು ಉಳಿದು ಒಂದು ಪುಟ್ಟ ಹೊದಿಕೆಗೆ ಸಾಕಾದವು.

ಆದ್ದರಿಂದ ಈ ವಿಧಾನದಿಂದ ಸಮಯ ಉಳಿಯುತ್ತದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಉಳಿಯುವುದು ತೋಳಿನ ಶ್ರಮ ಮಾತ್ರ. ಇಡೀ ಕ್ವಿಲ್ಟನ್ನು ಸುರುಳಿ ಸುತ್ತಿ ಯಂತ್ರದ ಕಿರಿದಾದ ತೋಳಿನಡಿ ತುರುಕುವ ಪಾಡು ತಪ್ಪುತ್ತದೆ. ಅಲ್ಲಿ ಉಳಿಸಿದ ಸಮಯವನ್ನು ಜೋಡಣೆಯು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅದಕ್ಕಾಗಿಯೇ, ಬಿಡಿ ಚೌಕಗಳ ಯೋಜನೆಯನ್ನು ಕೈಬಿಟ್ಟು ಮೂರು ಅಥವಾ ನಾಲ್ಕು ಉದ್ದನೆಯ ಪಟ್ಟೆಗಳಾಗಿ ಕ್ವಿಲ್ಟ್ ಮಾಡಿ ಎಂದು ಹೇಳುತ್ತೇನೆ. ಇಪ್ಪತ್ತೈದು ಇಂಚು ಅಗಲದ ಪಟ್ಟೆಯನ್ನು ಸಣ್ಣ ಯಂತ್ರವೂ ನಿಭಾಯಿಸುತ್ತದೆ, ಜೋಡಣೆಯ ಗೆರೆಗಳು ಎರಡೋ ಮೂರೋ ಆಗುತ್ತವೆ. ಚೌಕಗಳೇ ಬೇಕೆಂಬ ಹಟವಿದ್ದರೆ ಎಲ್ಲದಕ್ಕೂ ಒಂದೇ ಒತ್ತಿನ ಹೊಲಿಗೆ ಹಾಕಿ.

ಯಾವುದೇ ದಾರಿ ಹಿಡಿದರೂ ಕ್ವಿಲ್ಟಿಂಗ್ ಮೊದಲು, ಅಂತಿಮ ಅಳತೆಗೆ ಕತ್ತರಿಸುವುದು ಆಮೇಲೆ. ಮೇಲ್ಬಟ್ಟೆಯನ್ನು ಬೇಕಾದ ಅಳತೆಗಿಂತ ಒಂದು ಇಂಚಾದರೂ ದೊಡ್ಡದಾಗಿಡಿ. ಹತ್ತಿ ಮತ್ತು ಹಿಂಬದಿಯ ಬಟ್ಟೆ ಅದಕ್ಕಿಂತಲೂ ಸುತ್ತ ಒಂದೊಂದು ಇಂಚು ಹೊರಚಾಚಲಿ. ಅಂಚಿನವರೆಗೆ ಬರುವ ವಿನ್ಯಾಸವಾದರೆ ಸುತ್ತಲೂ ಖಾಲಿ ಬಟ್ಟೆಯ ಒಂದು ಚೌಕಟ್ಟು ಹೊಲಿದುಬಿಡಿ, ಕತ್ತರಿ ಅದರ ಮೇಲೆ ಓಡಲಿ. ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೇ ಮುಂದಕ್ಕೆ ಎಳೆಯುವ ವಾಕಿಂಗ್ ಫುಟ್ ಹಾಕಿ, ಹೊಲಿಗೆಯ ಉದ್ದವನ್ನು 3 ಮಿಲಿಮೀಟರಿನ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಎಲ್ಲವನ್ನೂ ಕ್ವಿಲ್ಟ್ ಮಾಡಿ ಮುಗಿಸಿ, ಅತಿ ಚಿಕ್ಕದು ಯಾವುದೆಂದು ಅಳೆದು ನೋಡಿ, ಉಳಿದವನ್ನೆಲ್ಲ ಅದರ ಅಳತೆಗೆ ಕತ್ತರಿಸಿ. ಮನಸ್ಸಿನಲ್ಲಿದ್ದ ಅಳತೆ ಅದಕ್ಕಿಂತ ದೊಡ್ಡದಾಗಿದ್ದರೆ ಅದನ್ನು ಮರೆತುಬಿಡಿ.

ಇನ್ನು ನೀವು ಕೇಳಿದ ಜೋಡಣೆ. ನೇರವಾಗಿ ಹೊಲಿಯುವ ಕ್ರಮದಲ್ಲಿ ಮೇಲ್ಬಟ್ಟೆಗಳನ್ನು ಮಾತ್ರ ಸೇರಿಸಿ ಹೊಲಿದು, ಹತ್ತಿಯ ಅಂಚುಗಳನ್ನು ಒಂದರ ಮೇಲೊಂದು ಬಾರದಂತೆ ಪಕ್ಕಪಕ್ಕಕ್ಕೆ ಕೂಡಿಸಿ, ಹಿಂಬದಿಯ ಬಟ್ಟೆಯನ್ನು ಮಡಚಿ ಕೈಯಿಂದ ಹೊಲಿಯಬೇಕು. ಇದಕ್ಕೆ ಕ್ವಿಲ್ಟಿಂಗ್ ಗೆರೆಗಳು ಅಂಚಿಗಿಂತ ಒಂದು ಇಂಚು ಮೊದಲೇ ನಿಂತಿರಬೇಕು. ನೋಟ ಅಚ್ಚುಕಟ್ಟು, ಆದರೆ ಮೊದಲ ಸಲದವರಿಗೆ ನಾನು ಹೇಳುವುದಿಲ್ಲ.

ಪಟ್ಟಿಯ ಜೋಡಣೆಯೇ ನಿಮಗೆ ಸರಿ. ಮುಂಬದಿಗೆ 1 ಇಂಚಿನ ಪಟ್ಟಿ, ಹಿಂಬದಿಗೆ 1¾ ಇಂಚಿನದನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿದ ಪಟ್ಟಿ. ಎರಡನ್ನೂ ಮೊದಲ ತುಂಡಿನ ಅಂಚಿಗೆ, ಕಾಲಂಗುಲ ಬಿಟ್ಟು, ಒಂದೇ ಹೊಲಿಗೆಯಲ್ಲಿ ಸೇರಿಸಿ. ಮುಂಬದಿಯ ಪಟ್ಟಿಯ ಇನ್ನೊಂದು ಅಂಚನ್ನು ಎರಡನೆಯ ತುಂಡಿಗೆ ಹೊಲಿಯಿರಿ. ಆಗ ಪಟ್ಟಿ ಅರ್ಧ ಇಂಚಾಗಿ ಉಳಿಯುತ್ತದೆ, ಎರಡೂ ಕಡೆಯ ಕಾಲಂಗುಲದ ಅಂಚುಗಳು ಅದರಡಿ ಸರಿಯಾಗಿ ಮುಖಾಮುಖಿಯಾಗಿ ಕೂರುತ್ತವೆ. ಪಟ್ಟಿ ಇದಕ್ಕಿಂತ ಅಗಲವಾದರೆ ನಡುವೆ ಹತ್ತಿಯಿಲ್ಲದೆ ಪೊಳ್ಳಾಗುತ್ತದೆ, ಕಿರಿದಾದರೆ ಅಂಚುಗಳು ಒಂದರ ಮೇಲೊಂದು ಏರಿ ದಿಂಡು ಕಟ್ಟುತ್ತದೆ. ಹಿಂಬದಿಯ ಮಡಿಕೆಯನ್ನು ಎರಡನೆಯ ಹೊಲಿಗೆಯ ಮೇಲೆ ಎಳೆದು ಮುಚ್ಚಿ ಕೈಹೊಲಿಗೆ ಹಾಕಿ. ಯಂತ್ರದಲ್ಲಿಯೂ ಹಾಕಬಹುದು, ಆದರೆ ಆ ಗೆರೆ ಮುಂಬದಿಯಲ್ಲಿ ಪಟ್ಟಿಯ ಪಕ್ಕದಲ್ಲಿಯೇ ಕಾಣಿಸುತ್ತದೆ. ಮೇಲ್ಬಟ್ಟೆಯ ಬಣ್ಣದ ದಾರ ಬಳಸಿದರೆ ಅದೂ ಅಷ್ಟಾಗಿ ಕಣ್ಣಿಗೆ ರಾಚುವುದಿಲ್ಲ.