ಇಲಿಯ ವಯಸ್ಸು ಮೊದಲು ಬರೆಯಿರಿ

ನಮಸ್ಕಾರ್ರಿ ಮೇಡಂ,

ರಾಣೆಬೆನ್ನೂರಿನಿಂದ ನೀವು ಕಳಿಸಿದ ಡೋಪಮೈನ್ ಮತ್ತು ಮಿದುಳಿನ ಆಸರೆ ಕೋಶಗಳ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ನಮ್ಮ ಸಂಚಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ. ಆಸ್ಟ್ರೋಸೈಟ್ ಎಂಬ ಈ ಆಸರೆ ಕೋಶದ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ.

ಮೊದಲ ಎರಡು ಪುಟ ತೆಗೆದುಬಿಡಿ. ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಶುರು ಮಾಡಿ ಮೊಬೈಲ್ ಚಟ, ಗಿರ್ಮಿಟ್ ಮಿರ್ಚಿ ತಿಂದ ಸಂತೋಷ ಎಲ್ಲ ತಂದಿದ್ದೀರಿ. ಇದು ಅರ್ಧ ಸತ್ಯ. ಕೈಕಾಲು ಆಡಿಸುವುದಕ್ಕೂ ಡೋಪಮೈನ್ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದು ಅದನ್ನು ತಯಾರಿಸುವ ಕೋಶಗಳು ಸಾಯುವುದರಿಂದ ಅಲ್ವಾ?

ಲೇಖನದ ಜೀವ ಐದನೇ ಪುಟದಲ್ಲಿದೆ. ಡೋಪಮೈನ್ ತಾಗಿದಾಗ ಆಸ್ಟ್ರೋಸೈಟ್ ಒಳಗೆ ಕ್ಯಾಲ್ಸಿಯಂ ಏರುತ್ತದೆ ಎಂದಿದ್ದೀರಿ. ಸರಿ, ಆಮೇಲೆ? ಅಲ್ಲೇ ಸುಮ್ನೆ ನಿಲ್ಲಿಸಿದ್ದೀರಿ. 2020ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಮುಂದಿನದನ್ನು ಇಲಿಗಳಲ್ಲಿ ತೋರಿಸಿದೆ. ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಈ ಕೋಶಗಳು ಎಟಿಪಿ ಎಂಬ ಅಣುವನ್ನು ಹೊರಬಿಡುತ್ತವೆ. ಅದು ಅಡೆನೋಸಿನ್ ಎಂಬ ಇನ್ನೊಂದು ಅಣುವಾಗಿ, ನರಕೋಶಗಳ ನಡುವಿನ ಪ್ರಚೋದಕ ಸಂದೇಶವನ್ನು ತಗ್ಗಿಸುತ್ತದೆ. ಬರೀ ಆಸರೆ ಅಂದುಕೊಂಡಿದ್ದ ಕೋಶ ಸಂಭಾಷಣೆಯಲ್ಲೇ ಕೈ ಹಾಕುತ್ತದೆ! ಇದನ್ನು ಎರಡು ಪುಟ ಬರೆಯಿರಿ, ನಾನು ಒಂದು ಸಾಲೂ ಕತ್ತರಿಸುವುದಿಲ್ಲ.

ಈಗ ನನ್ನ ದೊಡ್ಡ ತಕರಾರು. ಎಳೆ ಇಲಿಯ ಮಿದುಳಿನ ಚೂರಿನಲ್ಲಿ ಕಂಡದ್ದನ್ನು ನೇರವಾಗಿ ಎಪ್ಪತ್ತು ವರ್ಷದ ಅಜ್ಜನಿಗೆ ಹಚ್ಚಿದ್ದೀರಿ. ಇಂಥ ಎಷ್ಟೋ ಪ್ರಯೋಗಗಳನ್ನು ಮರಿಗಳಲ್ಲೇ ಮಾಡಿದ್ದಾರೆ. ಕ್ಯಾಲ್ಸಿಯಂ ತೋರಿಸುವ ಬಣ್ಣ ಎಳೆ ಮಿದುಳಿನ ಆಸ್ಟ್ರೋಸೈಟ್‌ಗಳಿಗೆ ಸಲೀಸಾಗಿ ಇಳಿಯುತ್ತದೆ ಎಂಬುದು ಒಂದು ಕಾರಣ. ಮರಿಯ ಕೋಶ ದೊಡ್ಡ ಇಲಿಯ ಕೋಶದ ಹಾಗೇ ನಡೆದುಕೊಳ್ಳಬೇಕೆಂದಿಲ್ಲ. ನರಕೋಶಗಳ ಇನ್ನೊಂದು ಸಂದೇಶವಾಹಕ ಗ್ಲುಟಮೇಟ್ ವಿಷಯದಲ್ಲಿ ಇದು 2013ರಲ್ಲೇ ಗೊತ್ತಾಯಿತು. ಮರಿ ಇಲಿಯ ಆಸ್ಟ್ರೋಸೈಟ್‌ನಲ್ಲಿ ಇದ್ದ ಎಂಗ್ಲೂರ್5 ಎಂಬ ರಿಸೆಪ್ಟರ್ (ಗ್ಲುಟಮೇಟ್ ಸಂದೇಶ ಹಿಡಿಯುವ ಪ್ರೋಟೀನು), ಹುಟ್ಟಿದ ಮೂರನೇ ವಾರದ ಹೊತ್ತಿಗೆ, ಅಂದರೆ ಮರಿ ಹಾಲು ಬಿಡುವ ಸಮಯಕ್ಕೆ, ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅದು ಡೋಪಮೈನ್ ಮೇಲೆ ಮಾಡಿದ ಅಧ್ಯಯನವಲ್ಲ, ಅದನ್ನೂ ಓದುಗರಿಗೆ ಹೇಳಿ. ಆದರೆ ವಯಸ್ಸು ಯಾಕೆ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಪ್ರತಿ ಪ್ರಯೋಗದ ಪಕ್ಕ ಇಲಿಯ ವಯಸ್ಸು ಬರಲಿ. ಮಿದುಳಿನ ಯಾವ ಭಾಗ ಎಂಬುದೂ ಇರಲಿ. ಹಣೆಯ ಹಿಂದಿನ ಭಾಗದಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ಬೇರೊಂದು ಸಂದೇಶವಾಹಕದ ರಿಸೆಪ್ಟರ್ ಮೂಲಕವೂ ಈ ಕೋಶಗಳನ್ನು ಎಬ್ಬಿಸುತ್ತದೆ ಎಂದು 2022ರ ಒಂದು ಅಧ್ಯಯನ ಹೇಳುತ್ತದೆ.

ಕೊನೆಯ ಪುಟದಲ್ಲಿ, ಮುದುಕರು ಡೋಪಮೈನ್ ಗುಳಿಗೆ ಜಾಸ್ತಿ ತಗೊಂಡರೆ ಆಸರೆ ಕೋಶ ಚುರುಕಾಗುತ್ತವೆ ಎಂಬ ಸಾಲಿದೆ. ಅದನ್ನು ಖಂಡಿತ ಅಚ್ಚು ಹಾಕುವುದಿಲ್ಲ. ಡೋಪಮೈನ್ ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ. ಅದಕ್ಕೇ ಪಾರ್ಕಿನ್ಸನ್‌ಗೆ, ಮಿದುಳಿಗೆ ದಾಟಿ ಅಲ್ಲಿ ಡೋಪಮೈನ್ ಆಗುವ ಲೆವೊಡೋಪ ಕೊಡುತ್ತಾರೆ, ಅದೂ ವೈದ್ಯರು ಅಳೆದು. ಯಾರೋ ಒಬ್ಬರು ನಿಮ್ಮ ಸಾಲು ನಂಬಿ ಮನೆಯಲ್ಲಿರುವ ಗುಳಿಗೆ ಹೆಚ್ಚಿಸಿಕೊಂಡರೆ ಏನು ಮಾಡುವುದು?

ತಿದ್ದಿದ ಪ್ರತಿಯನ್ನು ಧಾರವಾಡದ ವಿಳಾಸಕ್ಕೇ ಕಳಿಸಿ. ಅದಕ್ಕೂ ಮೊದಲು ನಿಮ್ಮ ಕಡೆಯ ನರರೋಗ ವೈದ್ಯರೊಬ್ಬರಿಗೆ ಕೊನೆಯ ಪುಟ ಓದಿಸಿ. ಆಸ್ಟ್ರೋಸೈಟ್‌ನ ಆ ನಕ್ಷತ್ರದಂಥ ಚಿತ್ರ ನೀವೇ ಬರೆದದ್ದಾದರೆ ಅದನ್ನೂ ದೊಡ್ಡದಾಗಿ ಬರೆದು ಕಳಿಸಿ, ಮುಖಪುಟದ ಒಳಬದಿಗೆ ಹಾಕುತ್ತೇನೆ.

ನಿಮ್ಮ,
ಸಂಪಾದಕ