ಒಬ್ಬರ ಪತ್ರಕ್ಕೆ ಉಳಿದವರಿಗೇಕೆ ತಡೆ?

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ಬಳಗ. ಊರಿನವರೂ ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ಇರುವವರೂ ಸೇರಿ ಸುಮಾರು 300 ಸದಸ್ಯರಿಗಾಗಿ ಬಾಡಿಗೆ ಸರ್ವರ್‌ನಲ್ಲಿ ಮೇಲ್‌ಮ್ಯಾನ್ ತಂತ್ರಾಂಶದ ಮೇಲಿಂಗ್ ಲಿಸ್ಟ್ (ಒಬ್ಬರು ಬರೆದದ್ದನ್ನು ಸದಸ್ಯರೆಲ್ಲರಿಗೂ ಕಳುಹಿಸುವ ವ್ಯವಸ್ಥೆ) ನಡೆಸುತ್ತಿದ್ದೇವೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ಅಂದಂದಿನ ಆಟ ಎಲ್ಲಿ ಎಂದು ಮುಂಬಯಿಯ ಸದಸ್ಯರೊಬ್ಬರು ತಮ್ಮ ಯಾಹೂ ವಿಳಾಸದಿಂದ ದಿನವೂ ಬರೆಯುತ್ತಾರೆ. ಆ ಪತ್ರಗಳು ಜಿಮೇಲ್ ಬಳಸುವವರಿಗೆ ಸಿಗುತ್ತಿರಲಿಲ್ಲ. ಈಗ ಅವರಿಗೆ ಯಾರ ಪತ್ರವೂ ಸಿಗುತ್ತಿಲ್ಲ. ಬದಲಿಗೆ, ‘ಪತ್ರಗಳು ಹಿಂದಿರುಗುತ್ತಿರುವುದರಿಂದ ನಿಮ್ಮ ಸದಸ್ಯತ್ವ ತಡೆಹಿಡಿಯಲಾಗಿದೆ’ ಎಂಬ ಸೂಚನೆ ಬಂದಿದೆ. ಹಿಂದಿರುಗಿದ ಪತ್ರವೊಂದನ್ನು ಲಗತ್ತಿಸಿದ್ದೇನೆ.
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಲಗತ್ತಿಸಿದ್ದು ಒಳ್ಳೆಯದಾಯಿತು. ಹಿಂದಿರುಗಿದ ರಿಜಿಸ್ಟರ್ಡ್ ಲಕೋಟೆಯ ಮೇಲೆ ಅಂಚೆಯವರು ಬರೆದ ಷರಾ ಹೇಗೋ, ಹಿಂದಿರುಗಿದ ಮಿಂಚಂಚೆಯಲ್ಲಿ ಮೂರಂಕಿಯ ಸಂಖ್ಯೆಯೂ ಅದರ ಬೆನ್ನಿಗಿರುವ ಸಾಲೂ ಹಾಗೆ. ಮೊದಲ ಅಂಕಿ 4 ಆಗಿದ್ದರೆ ‘ಈಗ ಬೇಡ, ಆಮೇಲೆ ಬಾ’ ಎಂದೂ 5 ಆಗಿದ್ದರೆ ‘ಇದನ್ನು ತೆಗೆದುಕೊಳ್ಳುವುದಿಲ್ಲ’ ಎಂದೂ ಅರ್ಥ. ವಿಳಾಸವೇ ಇಲ್ಲದಿದ್ದರೆ 550 5.1.1 ಎಂದಿರುತ್ತಿತ್ತು. ನಿಮ್ಮ ಪ್ರತಿಯಲ್ಲಿರುವುದು 550 5.7.26, ಪತ್ರ ನಿಜವಾಗಿಯೂ ಯಾಹೂ ವಿಳಾಸದಿಂದಲೇ ಬಂದದ್ದೆಂಬುದು ರುಜುವಾತಾಗಲಿಲ್ಲವಾದ್ದರಿಂದ, ಯಾಹೂ ಸಂಸ್ಥೆಯದೇ ಡಿಮಾರ್ಕ್ ನೀತಿಯಂತೆ (ತನ್ನ ಹೆಸರಿನ ಪತ್ರ ರುಜುವಾತಾಗದಿದ್ದರೆ ಏನು ಮಾಡಬೇಕೆಂಬ ಸೂಚನೆಯಂತೆ) ಅದನ್ನು ನಿರಾಕರಿಸಲಾಗಿದೆ ಎಂಬುದು ಅದರ ತಾತ್ಪರ್ಯ.

ತನ್ನ ಹೆಸರಿನಲ್ಲಿ ಬರುವ ಪತ್ರ ಪರೀಕ್ಷೆಯಲ್ಲಿ ನಪಾಸಾದರೆ ಅದನ್ನು ತಿರಸ್ಕರಿಸಿ ಎಂದು ಯಾಹೂ 2014ರ ಏಪ್ರಿಲ್‌ನಲ್ಲಿ ಸಾರಿದಂದಿನಿಂದ ಮೇಲಿಂಗ್ ಲಿಸ್ಟ್‌ಗಳಿಗೆ ಈ ತೊಡಕು ಅಂಟಿಕೊಂಡಿದೆ. ಪರೀಕ್ಷೆಗೆ ದಾರಿ ಎರಡು. ಎಸ್‌ಪಿಎಫ್ ನೋಡುವುದು ಪತ್ರವನ್ನು ತಂದ ಸರ್ವರ್ ಯಾರದ್ದೆಂದು. ಇಲ್ಲಿ ತಂದದ್ದು ನಿಮ್ಮ ಸರ್ವರ್, ‘ಫ್ರಮ್’ ಎಂಬಲ್ಲಿರುವುದು ಯಾಹೂ ಹೆಸರು, ಆದ್ದರಿಂದ ಎರಡಕ್ಕೂ ತಾಳೆಯಿಲ್ಲ. ಡಿಕಿಮ್ ಎಂಬುದು ಲಕೋಟೆಗೆ ಹಾಕಿದ ಅರಗಿನ ಮುದ್ರೆಯಂತೆ. ಯಾಹೂ ಹಾಕಿ ಕಳುಹಿಸಿದ ಆ ಮುದ್ರೆ, ನಿಮ್ಮ ಲಿಸ್ಟ್ ಪ್ರತಿ ಪತ್ರದ ವಿಷಯದ ಸಾಲಿಗೆ ಬಳಗದ ಹೆಸರನ್ನು ಸೇರಿಸಿ, ಕೆಳಗೆ ‘ಸದಸ್ಯತ್ವ ಬಿಡಲು ಇಲ್ಲಿ ಒತ್ತಿ’ ಎಂಬ ಎರಡು ಸಾಲು ಅಂಟಿಸುವ ಹೊತ್ತಿಗೇ ಒಡೆದುಹೋಗುತ್ತದೆ.

ಇನ್ನು ಪತ್ರ ಬರೆಯದವರಿಗೆ ತಡೆ ಬಿದ್ದದ್ದೇಕೆ? ಪತ್ರ ಶಾಶ್ವತವಾಗಿ ನಿರಾಕೃತವಾದಾಗ ಮೇಲ್‌ಮ್ಯಾನ್ ಅಂಕ ಹಾಕುವುದು ಬರೆದವರ ಲೆಕ್ಕಕ್ಕಲ್ಲ, ಪಡೆಯಬೇಕಾದವರ ಲೆಕ್ಕಕ್ಕೆ: ದಿನಕ್ಕೆ ಹೆಚ್ಚೆಂದರೆ ಒಂದು ಅಂಕ, ಒಟ್ಟು ಐದಾದರೆ ತಡೆ. ವಾರವಿಡೀ ಏನೂ ಹಿಂದಿರುಗದಿದ್ದರೆ ಹಳೆಯ ಅಂಕ ಅಳಿದುಹೋಗುತ್ತದೆ. ಮಳೆಗಾಲದಲ್ಲಿ, ಆಟವೂ ಪತ್ರವೂ ವಿರಳವಾಗಿದ್ದಾಗ, ನಿಮಗೆ ಈ ತೊಂದರೆ ಕಾಣದಿದ್ದುದಕ್ಕೆ ಇದೇ ಕಾರಣವಿರಬೇಕು. ತಿರುಗಾಟ ಶುರುವಾಗಿ ದಿನಕ್ಕೊಂದು ಪತ್ರ ಬಂದ ಐದೇ ದಿನಗಳಲ್ಲಿ ಜಿಮೇಲ್‌ನವರೆಲ್ಲ ಒಟ್ಟಿಗೆ ಹೊರಬಿದ್ದರು. ತಡೆಯ ಸೂಚನೆ ಮಾತ್ರ ಅವರಿಗೆ ತಪ್ಪದೆ ತಲಪಿತು, ಏಕೆಂದರೆ ಅದು ಲಿಸ್ಟ್‌ನ ಸ್ವಂತ ವಿಳಾಸದಿಂದ ಹೋಗುವಂಥದ್ದು. ಅವರಿಗೆ ಸಿಟ್ಟು ಬಂದಿದ್ದರೆ ಸಹಜವೇ.

ಮುಂಬಯಿಯವರಿಗೆ ವಿಳಾಸ ಬದಲಿಸಲು ಹೇಳಬೇಡಿ. ಇದೇ ನೀತಿಯ ಕಚೇರಿ ವಿಳಾಸದಿಂದ ನಾಳೆ ಇನ್ನೊಬ್ಬರು ಬರೆದರೆ ಮತ್ತೆ ಇದೇ ಪಾಡು. ಮೇಲ್‌ಮ್ಯಾನ್‌ನ 2.1.18ರಿಂದ ಈಚಿನ ಆವೃತ್ತಿಗಳಲ್ಲಿ ಡಿಮಾರ್ಕ್‌ಗೆಂದೇ ಒಂದು ಆಯ್ಕೆಯಿದೆ. ಅದನ್ನು ‘ಮಂಜ್ ಫ್ರಮ್’ ಎಂದು ಬದಲಿಸಿ. ಆಗ ಅಂಥ ಪತ್ರಗಳು ‘ಇಂಥವರು, ಬಳಗದ ಮೂಲಕ’ ಎಂಬಂತೆ ಲಿಸ್ಟ್‌ನ ವಿಳಾಸದಿಂದಲೇ ಹೋಗುತ್ತವೆ. ನೋಡಲು ಅಷ್ಟೇನೂ ಚೆಂದವಲ್ಲ, ಆದರೆ ತಲಪುತ್ತವೆ. ಬಾಲದ ಸಾಲುಗಳನ್ನೂ ವಿಷಯದ ಸಾಲಿನ ಹೆಸರನ್ನೂ ಕೈಬಿಟ್ಟು ಮುದ್ರೆ ಒಡೆಯದಂತೆ ನೋಡಿಕೊಳ್ಳುವುದು ಇನ್ನೊಂದು ದಾರಿ. ಸದಸ್ಯರು ಅದಕ್ಕೆ ಒಪ್ಪುವುದು ಕಷ್ಟವೆಂದು ನನ್ನ ಅನುಭವ.

ಬದಲಿಸಿದ ಮೇಲೆ ಸದಸ್ಯರ ಪಟ್ಟಿಯಲ್ಲಿ ‘ನೋಮೇಲ್’ ಕಲಂನಲ್ಲಿ ‘ಬಿ’ ಗುರುತಿರುವವರನ್ನು ಹುಡುಕಿ, ಆ ಗುರುತನ್ನು ನೀವೇ ತೆಗೆಯಬೇಕು; ತಡೆ ತಾನಾಗಿ ತೆರವಾಗುವುದಿಲ್ಲ. ತಡ ಮಾಡಬೇಡಿ. ಮೂಲ ಹೊಂದಾಣಿಕೆಯಲ್ಲಿ ವಾರಕ್ಕೊಂದರಂತೆ ಮೂರು ಎಚ್ಚರಿಕೆ ಕಳುಹಿಸಿದ ಮೇಲೆ ಹೆಸರೇ ಪಟ್ಟಿಯಿಂದ ಹೋಗುತ್ತದೆ. ನಿಮ್ಮ ಸ್ವಂತ ಡೊಮೈನ್‌ಗೆ ಎಸ್‌ಪಿಎಫ್, ಡಿಕಿಮ್ ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಜಿಮೇಲ್ 2024ರ ಫೆಬ್ರುವರಿಯಿಂದ ಎಲ್ಲರಿಂದಲೂ ಇವುಗಳಲ್ಲಿ ಒಂದನ್ನಾದರೂ ಕೇಳುತ್ತದೆ; ದಿನಕ್ಕೆ 5,000 ಪತ್ರ ಮುಟ್ಟಿದವರಿಂದ ಎರಡನ್ನೂ ಡಿಮಾರ್ಕ್ ಸಮೇತ ಕೇಳುತ್ತದೆ. ಹೆಚ್ಚಾಯಿತೆನ್ನಬೇಡಿ: 250 ಜಿಮೇಲ್ ಸದಸ್ಯರಿದ್ದು ಒಂದೇ ದಿನ 20 ಪತ್ರ ಹರಿದಾಡಿದರೆ ಅಷ್ಟಾಯಿತು.

ಪ್ರಶ್ನೆ: ಲಿಸ್ಟ್ ಅನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿದ ದಿನದಿಂದ ಜಿಮೇಲ್ ಎಲ್ಲವನ್ನೂ 550 5.7.25 ಎಂದು ಹಿಂದಿರುಗಿಸುತ್ತಿದೆ. ಡೊಮೈನ್‌ನ ದಾಖಲೆಗಳೆಲ್ಲ ಸರಿಯಿವೆ.
— ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಐಪಿ ವಿಳಾಸಕ್ಕೆ ಪಿಟಿಆರ್ ದಾಖಲೆ, ಅಂದರೆ ಆ ಸಂಖ್ಯೆ ಯಾವ ಹೆಸರಿನ ಸರ್ವರಿನದೆಂದು ಹೇಳುವ ದಾಖಲೆ, ಇಲ್ಲ. ಅದು ಡೊಮೈನ್ ಕೊಂಡಲ್ಲಿ ಸಿಗುವುದಲ್ಲ, ಸರ್ವರ್ ಬಾಡಿಗೆ ಕೊಟ್ಟವರಲ್ಲಿ ಕೇಳಬೇಕಾದದ್ದು. ಇದೆ ಎಂದು ಅವರು ವಾದಿಸಿದರೆ ಐಪಿವಿ6 (ಹೊಸ ಮಾದರಿಯ ಐಪಿ) ವಿಳಾಸಕ್ಕೂ ಇದೆಯೇ ಎಂದು ಕೇಳಿ. ಸಾಮಾನ್ಯವಾಗಿ ಅಲ್ಲೇ ತಪ್ಪಿರುತ್ತದೆ. ಅದು ಸರಿಯಾಗುವ ತನಕ ಪತ್ರ ರವಾನಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ಐಪಿವಿ4ರಲ್ಲಿ ಮಾತ್ರ ಕಳುಹಿಸುವಂತೆ ಮಾಡಿ.

ಪ್ರಶ್ನೆ: ದುಬೈಯಲ್ಲಿರುವ ಸದಸ್ಯರೊಬ್ಬರ ಪತ್ರಗಳು 452 4.2.2 ಎಂದು ಸಾಲಿನಲ್ಲಿ ಕಾಯುತ್ತಿವೆ. ಅಳಿಸಲೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಬೇಡ. ಅವರ ಜಾಗ ತುಂಬಿದೆ. ಜಿಮೇಲ್ ಆದರೆ ಉಚಿತವಾಗಿ ಸಿಗುವ 15 ಜಿಬಿಯನ್ನು ಫೋಟೋಗಳೂ ಹಂಚಿಕೊಳ್ಳುತ್ತವೆ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಐದು ದಿನ ಪ್ರಯತ್ನಿಸುತ್ತಲೇ ಇರುತ್ತದೆ. ಅಷ್ಟರೊಳಗೆ ಅವರಿಗೊಂದು ಫೋನ್ ಮಾಡಿ.