ಲುಟೇಶಿಯಂ ಕೊಡುವ ಮುನ್ನ ಸ್ಕ್ಯಾನ್ ಏನು ಹೇಳಬೇಕು?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ. ಹಾರ್ಮೋನ್ ಇಂಜೆಕ್ಷನ್, ಅಬಿರಾಟೆರೋನ್ ಮಾತ್ರೆ, ಡೋಸಿಟ್ಯಾಕ್ಸೆಲ್ ಕೀಮೋ ಎಲ್ಲ ಆಗಿಯೂ ಈ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತದ ಅಂಶ ಪಿಎಸ್‌ಎ ಏರುತ್ತಿದೆ. ಲುಟೇಶಿಯಂ ಎಂಬ ವಿಕಿರಣ ಔಷಧದ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿಸಬಹುದು ಎನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಏನೇನು ವಿಚಾರಿಸಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಮೊದಲು ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆಗಲಿ. ಪಿಎಸ್‌ಎಂಎ ಎಂಬ ಪ್ರೋಟೀನ್ ಇರುವ ಗಡ್ಡೆಗಳು ಅದರಲ್ಲಿ ಹೊಳೆದು ಕಾಣುತ್ತವೆ. ಲುಟೇಶಿಯಂ ಔಷಧ ರಕ್ತದಲ್ಲಿ ಹರಿದು ಹೋಗಿ, ಕ್ಯಾನ್ಸರ್ ಕೋಶದ ಮೈಮೇಲಿನ ಪಿಎಸ್‌ಎಂಎ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದರೊಳಗಿನ ಲುಟೇಶಿಯಂ-177 ಹೊರಬಿಡುವ, ಕೋಶಗಳನ್ನು ಕೊಲ್ಲುವ ಬೀಟಾ ಕಿರಣ ಅಲ್ಲಿಂದ ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ದೂರ ಸಾಗುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆಗಳು ಯಕೃತ್ತಿಗಿಂತ ಹೆಚ್ಚು ಹೊಳೆಯದಿದ್ದರೆ ಔಷಧ ಅಂಟುವ ಜಾಗವೇ ಇಲ್ಲ, ಕೊಟ್ಟು ಪ್ರಯೋಜನವಿಲ್ಲ. ಕೆಲವು ಗಡ್ಡೆ ಹೊಳೆದು ಕೆಲವು ಮಂಕಾಗಿದ್ದರೂ ತೊಂದರೆಯೇ. ಮಂಕಾದವು ಬೆಳೆಯುತ್ತಲೇ ಇರುತ್ತವೆ. ರಕ್ತಕ್ಕೂ ಈ ಚಿಕಿತ್ಸೆಯನ್ನು ತಡೆದುಕೊಳ್ಳುವ ಶಕ್ತಿ ಇರಬೇಕು. ವಿಷನ್ ಎಂಬ ದೊಡ್ಡ ಪ್ರಯೋಗದಲ್ಲಿ ಹಿಮೋಗ್ಲೋಬಿನ್ 9, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ.

ಆ ಪ್ರಯೋಗದಲ್ಲಿ 831 ಜನರಿದ್ದರು. 7.4 ಗಿಗಾಬೆಕರೆಲ್ (ವಿಕಿರಣಶೀಲತೆಯ ಅಳತೆ) ಡೋಸ್, ಆರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, ಲುಟೇಶಿಯಂ ಇಲ್ಲದ ಗುಂಪಿನಲ್ಲಿ 11.3 ತಿಂಗಳಿದ್ದರೆ ಲುಟೇಶಿಯಂ ಗುಂಪಿನಲ್ಲಿ 15.3 ತಿಂಗಳಿತ್ತು. ಲಾಭ ನಿಜ, ಆದರೆ ರೋಗ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜೊಲ್ಲಿನ ಗ್ರಂಥಿಗಳೂ ಔಷಧವನ್ನು ಹೀರುವುದರಿಂದ ಬಾಯಿ ಒಣಗುತ್ತದೆ. ಸುಸ್ತು, ವಾಕರಿಕೆ, ರಕ್ತಹೀನತೆ ಬರಬಹುದು.

ಪ್ರಯೋಗ ಎಂದ ಮೇಲೆ ಕೇಳಲೇಬೇಕಾದದ್ದು: ಎಲ್ಲರಿಗೂ ಲುಟೇಶಿಯಂ ಸಿಗುತ್ತದೆಯೋ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಗುಂಪು ಆರಿಸುತ್ತದೆಯೋ? ಇನ್ನೊಂದು ಗುಂಪಿಗೆ ಯಾವ ಚಿಕಿತ್ಸೆ? ಸ್ಕ್ಯಾನ್, ಓಡಾಟದ ಖರ್ಚು ಯಾರದು? ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಓದಿ, ಪ್ರತಿ ಇಟ್ಟುಕೊಳ್ಳಿ.

ಮೊಮ್ಮಗಳ ವಿಷಯ: ಪ್ರತಿ ಡೋಸ್ ಆದ ಮೇಲೆ ಏಳು ದಿನ ಮಗುವನ್ನು ಮೂರು ಅಡಿ ದೂರವಿಡಿ, ಒಂದೇ ಕೋಣೆಯಲ್ಲಿ ಮಲಗಿಸಬೇಡಿ. ದೊಡ್ಡವರಿಗೆ ಎರಡು ದಿನದ ಅಂತರ, ಮೂರು ರಾತ್ರಿ ಬೇರೆ ಕೋಣೆ ಸಾಕು. ಗರ್ಭಿಣಿ ಇದ್ದರೆ ಕೋಣೆ ಹದಿನೈದು ದಿನ ಬೇರೆ ಇರಲಿ. ಔಷಧ ಮುಖ್ಯವಾಗಿ ಮೂತ್ರದಲ್ಲಿ ಹೊರಹೋಗುವುದರಿಂದ ಚೆನ್ನಾಗಿ ನೀರು ಕುಡಿಸಿ. ಕೂತೇ ಮೂತ್ರ ಮಾಡಲಿ, ಎರಡು ಸಲ ನೀರು ಹಾಕಲಿ. ಆಸ್ಪತ್ರೆಯವರು ಇದಕ್ಕಿಂತ ಬಿಗಿಯಾಗಿ ಹೇಳಿದರೆ ಅದನ್ನೇ ಪಾಲಿಸಿ.

ಮೈಸೂರಿಗೋ ಬೆಂಗಳೂರಿಗೋ ಹೋಗುವುದಾದರೆ ಮಳೆಗಾಲದಲ್ಲಿ ಹಿಂದಿನ ದಿನವೇ ಹೊರಡಿ. ಲುಟೇಶಿಯಂ ಸುಮಾರು 6.6 ದಿನಕ್ಕೆ ಅರ್ಧವಾಗುತ್ತದೆ, ಅಂದರೆ ದಿನಕ್ಕೆ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ನಿಮಗೆಂದು ತರಿಸಿದ ಡೋಸ್ ರಸ್ತೆ ತೆರೆಯುವವರೆಗೆ ಕಾಯುವುದಿಲ್ಲ. ಡೋಸ್‌ಗಳ ನಡುವಿನ ರಕ್ತಪರೀಕ್ಷೆ ಮಡಿಕೇರಿಯಲ್ಲೇ ಮಾಡಿಸಬಹುದೇ ಎಂದು ಮೊದಲೇ ಕೇಳಿಡಿ. ನಡುವೆ ಜ್ವರ ಬಂದರೆ, ವಸಡಿನಲ್ಲಿ ರಕ್ತ ಕಂಡರೆ ಮುಂದಿನ ತಾರೀಕಿನ ತನಕ ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ.